ಕೈ ಕುಲುಕಿದ್ದಾಯಿತು, ಜಾಗ ಬಿಟ್ಟೆವಾ?

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸಬರನ್ನು ಸ್ವಾಗತಿಸುವ ತಂಡದಲ್ಲಿದ್ದೇನೆ. ಬಾಗಿಲಲ್ಲಿ ನಿಂತು ನಗುತ್ತೇವೆ, ಕೈ ಕುಲುಕುತ್ತೇವೆ, ಹೆಸರು ಬರೆದುಕೊಳ್ಳುತ್ತೇವೆ. ಆದರೂ ಹೊಸಬರು ಮೂರು ನಾಲ್ಕು ವಾರ ಬಂದು ನಿಂತುಬಿಡುತ್ತಾರೆ. ಹಾಗೆ ಬಿಟ್ಟುಹೋದ ಒಬ್ಬ ಹೆಂಗಸು ಈಚೆಗೆ ಸಿಕ್ಕಿದ್ದರು. "ಎಲ್ಲರೂ ನಕ್ಕರು, ಯಾರೂ ಮಾತಾಡಲಿಲ್ಲ" ಅಂದರು. ಇನ್ನೊಂದು ವಿಷಯ. ಕ್ರೈಸ್ತರಲ್ಲದ ಒಬ್ಬರು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಬಟ್ಟೆ ಕೊಳೆಯಾಗಿರುತ್ತದೆ, ಒಮ್ಮೊಮ್ಮೆ ಕುಡಿದಿರುತ್ತಾರೆ. ಅವರು ಬರುವುದು ನಮ್ಮಲ್ಲಿ ಕೆಲವರಿಗೆ ಇಷ್ಟವಿಲ್ಲ. ಎಲ್ಲರನ್ನೂ ಬರಮಾಡಿಕೊಳ್ಳಬೇಕು ಅನ್ನುವುದಕ್ಕೆ ಮಿತಿ ಇಲ್ವಾ? ನಮ್ಮ ಮನೆಯೂ ಚಿಕ್ಕದು, ನನಗೆ ಮಾತೂ ಕಡಿಮೆ. ನನ್ನಂಥವಳು ಏನು ಮಾಡಬಹುದು?

ಉತ್ತರ: ಸಹೋದರಿ, ಆ ಹೆಂಗಸಿನ ಮಾತನ್ನು ನೀವು ಮರೆಯದೆ ಬರೆದಿದ್ದೀರಿ. ಇಂಥ ಮಾತು ಕೇಳಿದಾಗ "ಅವರೇ ಸ್ವಲ್ಪ ಬೆರೆಯಬೇಕಿತ್ತು" ಅಂದು ಸುಮ್ಮನಾಗುವವರೇ ಜಾಸ್ತಿ. ನಿಮಗೆ ಅದು ಚುಚ್ಚಿದೆ. ಅಲ್ಲಿಂದಲೇ ಶುರು ಮಾಡೋಣ.

ನನಗೂ ಒಮ್ಮೆ ಹೀಗಾಗಿತ್ತು. ತುಂಬ ವರ್ಷಗಳ ಹಿಂದೆ ಕೆಲಸಕ್ಕೆಂದು ಹೊಸ ಊರಿಗೆ ಹೋದೆ. ಅಲ್ಲಿ ಒಬ್ಬರೂ ಪರಿಚಯವಿಲ್ಲ. ಮೊದಲ ಭಾನುವಾರ ಒಂದು ಸಭೆಗೆ ಹೋದೆ. ಬಾಗಿಲಲ್ಲಿ ಇಬ್ಬರು ಕೈ ಹಿಡಿದು ಕುಲುಕಿದರು, ನೀವು ಬಂದದ್ದು ತುಂಬ ಸಂತೋಷ ಅಂದರು. ಒಳಗೆ ಹೋಗಿ ಖಾಲಿ ಕಂಡ ಕಡೆ ಕೂತೆ. ಎರಡು ನಿಮಿಷಕ್ಕೆ ಒಬ್ಬರು ಬಂದು ನಗುನಗುತ್ತಲೇ, "ಇದು ನಮ್ಮ ಮನೆಯವರು ಕೂರುವ ಜಾಗ" ಅಂದರು. ಎದ್ದು ಹಿಂದೆ ಹೋದೆ. ಆ ದಿನ ಪ್ರಸಂಗ ಯಾವುದರ ಮೇಲಿತ್ತೋ ಈಗ ನೆನಪಿಲ್ಲ. ಆ ಒಂದು ಮಾತು ಮಾತ್ರ ಇವತ್ತಿಗೂ ನೆನಪಿದೆ. ಅವರು ಕೆಟ್ಟವರು ಅಂತ ನನಗೆ ಆಗಲೂ ಅನ್ನಿಸಲಿಲ್ಲ. ವರ್ಷಗಟ್ಟಲೆ ಅಲ್ಲೇ ಕೂತು ಅಭ್ಯಾಸವಾಗಿತ್ತು, ಅಷ್ಟೇ. ಆದರೆ ಬಾಗಿಲು ನನ್ನನ್ನು ಬರಮಾಡಿಕೊಂಡಿತ್ತು, ಬೆಂಚು ಬರಮಾಡಿಕೊಳ್ಳಲಿಲ್ಲ.

ಬಾಗಿಲಲ್ಲಿ ನಗುವುದಕ್ಕೆ ನಮ್ಮದೇನೂ ಖರ್ಚಾಗುವುದಿಲ್ಲ. ನಾವು ಕೂರುವ ಬೆಂಚು, ಆರಾಧನೆ ಮುಗಿದ ಮೇಲಿನ ಹತ್ತು ನಿಮಿಷ, ನಮ್ಮ ಹಳೆಯ ಗೆಳೆಯರ ಗುಂಪು, ನಮ್ಮ ಊಟದ ಹೊತ್ತು ಇವೆಲ್ಲ ನಮ್ಮವು. ಇವುಗಳಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟಾಗಲೇ ಹೊಸಬರಿಗೆ ಜಾಗವಾಗುತ್ತದೆ. ನಿಮ್ಮ ತಂಡ ಮಾಡುತ್ತಿರುವ ಕೆಲಸ ತಪ್ಪಲ್ಲ. ಆದರೆ ಆ ಹೆಂಗಸಿಗೆ ಬೇಕಾಗಿದ್ದದ್ದು ಬಾಗಿಲು ದಾಟಿದ ಮೇಲೆ.

ಒಂದು ಪದದ ಬಗ್ಗೆ ಹೇಳಬೇಕು. ಇಬ್ರಿಯರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ಅತಿಥಿಸತ್ಕಾರವನ್ನು ಮರೆಯಬೇಡಿ ಅನ್ನುವ ಮಾತು ಬರುತ್ತದೆ. ಹಾಗೆ ಮಾಡುವಾಗ ಕೆಲವರು ತಮಗೇ ತಿಳಿಯದೆ ದೇವದೂತರನ್ನು ಉಪಚರಿಸಿದ್ದಾರೆ ಅಂತಲೂ ಇದೆ. ಅಲ್ಲಿರುವ ಗ್ರೀಕ್ ಪದ ಫಿಲೊಕ್ಸೆನಿಯಾ. ಫಿಲೊ ಅಂದರೆ ಪ್ರೀತಿ, ಕ್ಸೆನೊಸ್ ಅಂದರೆ ಪರಕೀಯ, ಗುರುತಿಲ್ಲದವನು. ಅದರ ಹಿಂದಿನ ವಚನದಲ್ಲಿ ಫಿಲಡೆಲ್ಫಿಯಾ ಇದೆ, ಅಂದರೆ ಅಣ್ಣತಮ್ಮಂದಿರ ಪ್ರೀತಿ. ನಿಮ್ಮವರನ್ನು ಪ್ರೀತಿಸುತ್ತಾ ಇರಿ ಅಂದ ಕೂಡಲೇ ನಿಮ್ಮವರಲ್ಲದವರನ್ನು ಪ್ರೀತಿಸುವುದನ್ನು ಮರೆಯಬೇಡಿ ಅನ್ನುತ್ತಾನೆ ಬರೆದವನು. ಈ ಎರಡನೆಯದಕ್ಕೇ ಯಾಕೆ "ಮರೆಯಬೇಡಿ" ಅಂದ? ಮರೆಯುವುದು ಅದನ್ನೇ, ಅದಕ್ಕೆ.

ನಮ್ಮ ಭಾಷೆಯಲ್ಲೂ ಅತಿಥಿ ಅಂದರೆ ತಿಥಿ ಹೇಳದೆ ಬರುವವನು ಅಂತ ಹಿರಿಯರು ಅರ್ಥ ಹೇಳುತ್ತಿದ್ದರು. ಈಗ ಆ ಪದ ನೆಂಟರಿಗೂ ವೇದಿಕೆಯ ಮೇಲೆ ಕೂರುವ ಗಣ್ಯರಿಗೂ ಹೋಗಿಬಿಟ್ಟಿದೆ. ಹಾಗಾಗಿ ಬೈಬಲಿನಲ್ಲಿ ಅತಿಥಿಸತ್ಕಾರ ಅಂತ ಓದಿದಾಗ ನಮ್ಮ ಕಣ್ಣ ಮುಂದೆ ಬರುವುದು ಗೊತ್ತಿರುವ ಮುಖಗಳೇ. ಪರಕೀಯ ಕಾಣುವುದೇ ಇಲ್ಲ.

ತಿಳಿಯದೆ ದೇವದೂತರನ್ನು ಉಪಚರಿಸಿದವನು ಅಬ್ರಹಾಮ. ಆದಿಕಾಂಡದ 18ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಸುಡು ಬಿಸಿಲಿನ ಹೊತ್ತು. ಅವನಿಗೆ 99 ವರ್ಷ. ಡೇರೆಯ ಬಾಗಿಲಲ್ಲಿ ಕೂತಿದ್ದಾನೆ. ಎದುರಿಗೆ ಮೂವರು ನಿಂತಿರುವುದು ಕಾಣುತ್ತದೆ. ಅವರು ಹತ್ತಿರ ಬರಲಿ ಅಂತ ಕಾಯುವುದಿಲ್ಲ, ಎದ್ದು ಓಡಿಹೋಗುತ್ತಾನೆ. ಕಾಲಿಗೆ ನೀರು, ಮರದ ನೆರಳು, ಒಂದು ತುತ್ತು ರೊಟ್ಟಿ ಕೊಡುತ್ತೇನೆ ಅನ್ನುತ್ತಾನೆ. ಹೇಳಿದ್ದು ಒಂದು ತುತ್ತು. ಮಾಡಿಸಿದ್ದು ಮೂರು ಅಳತೆ ಹಿಟ್ಟಿನ ರೊಟ್ಟಿ, ಎಳೆಯ ಕರು, ಮೊಸರು, ಹಾಲು. ಅವರು ಊಟ ಮಾಡುವಾಗ ತಾನು ಪಕ್ಕದಲ್ಲಿ ನಿಂತಿರುತ್ತಾನೆ. ಇಷ್ಟೆಲ್ಲ ಆಗುವವರೆಗೆ ಅವರ ಹೆಸರೇನು, ಎಲ್ಲಿಂದ ಬಂದರು, ಯಾವ ದೇವರಿಗೆ ಕೈಮುಗಿಯುತ್ತಾರೆ ಅಂತ ಒಂದು ಪ್ರಶ್ನೆಯನ್ನೂ ಕೇಳಿದ ಹಾಗಿಲ್ಲ. ಉಪಚಾರ ಮೊದಲು, ಪರಿಚಯ ಆಮೇಲೆ. ನಾವು ಹೆಸರು, ಫೋನ್ ನಂಬರ್ ಬರೆದುಕೊಂಡು ಆಮೇಲೆ ಒಳಗೆ ಬಿಡುತ್ತೇವೆ, ಅಲ್ವಾ?

ಅಬ್ರಹಾಮ ಯಾಕೆ ಓಡಿದ? ಅವನೂ ತನ್ನ ಊರು ಬಿಟ್ಟು ಬಂದವನು, ಡೇರೆಯಲ್ಲಿ ಬದುಕುವವನು. ಆಮೇಲೆ ಮೋಶೆಯ ಕಾಲದಲ್ಲಿ ಧರ್ಮಶಾಸ್ತ್ರ ಬಂದಾಗ ಇದನ್ನೇ ಬಿಡಿಸಿ ಹೇಳಿತು. ಪರದೇಶಿಯನ್ನು ಹಿಂಸಿಸಬೇಡಿ, ಅವನ ಮನಸ್ಸು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ, ಈಜಿಪ್ಟಿನಲ್ಲಿ ನೀವೂ ಪರದೇಶಿಗಳಾಗಿದ್ದಿರಲ್ಲ ಅನ್ನುತ್ತದೆ ವಿಮೋಚನಕಾಂಡದ 23ನೆಯ ಅಧ್ಯಾಯ. ಯಾಜಕಕಾಂಡದ 19ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಅವನನ್ನು ನಿಮ್ಮಂತೆಯೇ ಪ್ರೀತಿಸಿ ಅನ್ನುತ್ತದೆ. ನೀವು ದೊಡ್ಡ ಮನಸ್ಸಿನವರು, ಅದಕ್ಕೆ ಪ್ರೀತಿಸಿ ಅಂತ ಎಲ್ಲೂ ಹೇಳಿಲ್ಲ. ನೀವೂ ಹೊರಗಿನವರಾಗಿದ್ದಿರಿ, ಆ ನೆನಪಿನಿಂದ ಪ್ರೀತಿಸಿ ಅಂತ ಹೇಳಿದೆ.

ಪೌಲನೂ ಅದೇ ದಾರಿ ಹಿಡಿಯುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 15ನೆಯ ಅಧ್ಯಾಯದಲ್ಲಿ, ಕ್ರಿಸ್ತನು ನಿಮ್ಮನ್ನು ಸೇರಿಸಿಕೊಂಡಂತೆ ನೀವೂ ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿ ಅನ್ನುತ್ತಾನೆ. ಎಫೆಸದವರಿಗೆ, ನೀವು ದೂರದವರಾಗಿದ್ದಿರಿ, ಈಗ ದೇವರ ಮನೆಯವರಾಗಿದ್ದೀರಿ ಅಂತ ನೆನಪಿಸುತ್ತಾನೆ. ಕೃಪೆ ಅನ್ನುವ ಪದವನ್ನು ನಾವು ಹಾಡಿನಲ್ಲಿ, ಪ್ರಾರ್ಥನೆಯಲ್ಲಿ ಎಷ್ಟೋ ಸಲ ಹೇಳುತ್ತೇವೆ. ಕೃಪೆಯಿಂದ ಸ್ವಾಗತಿಸುವುದು ಅಂದರೆ ನನಗೆ ಅರ್ಥವಾಗಿರುವುದು ಇಷ್ಟು: ಈ ಮನೆ ನನ್ನದಲ್ಲ. ನನ್ನನ್ನೂ ಯಾರೋ ಒಳಗೆ ಕರೆದರು. ನಾನು ಇಲ್ಲಿ ಮೊದಲು ಬಂದ ಅತಿಥಿ, ಇವರು ನನ್ನ ನಂತರ ಬಂದ ಅತಿಥಿ. ಈ ಮನಸ್ಸು ಬಂದ ಮೇಲೆ "ನಮ್ಮ ಜಾಗ" ಅನ್ನುವ ಮಾತು ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಯಾಜಕಕಾಂಡದ ಅದೇ 19ನೆಯ ಅಧ್ಯಾಯದಲ್ಲಿ ಇನ್ನೊಂದು ಕಟ್ಟಳೆ ಇದೆ. ನಿಮ್ಮ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆಯನ್ನು ಆರಿಸಿಕೊಳ್ಳಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ. ಗಮನಿಸಿ, ಪರದೇಶಿ ಬಂದ ಮೇಲೆ ಅಂಚು ಬಿಡಿ ಅಂತ ಇಲ್ಲ. ಯಾರು ಬರುತ್ತಾರೋ ಗೊತ್ತಿಲ್ಲ, ಬರುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಮೊದಲೇ ಬಿಟ್ಟಿರಬೇಕು.

ಮೋವಾಬಿನಿಂದ ಬಂದ ರೂತಳು ಬೋವಜನ ಹೊಲಕ್ಕೆ ಬಂದದ್ದು ಆ ಅಂಚಿನಿಂದಲೇ. ಬೋವಜ ಅವಳ ಕೈಗೆ ಒಂದು ಮೂಟೆ ಧಾನ್ಯ ಕೊಟ್ಟು ಆಗಲೇ ಕಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಅವಳನ್ನು ಗದರಿಸಬೇಡಿ, ಮುಟ್ಟಬೇಡಿ ಅಂತ ಆಳುಗಳಿಗೆ ಹೇಳಿದ. ಬಾಯಾರಿದರೆ ಆಳುಗಳು ಸೇದಿಟ್ಟ ನೀರನ್ನೇ ಕುಡಿ ಅಂದ. ಊಟದ ಹೊತ್ತಿಗೆ ಕರೆದು ಕೊಯ್ಯುವವರ ಪಕ್ಕದಲ್ಲೇ ಕೂರಿಸಿದ, ಹುರಿದ ಕಾಳನ್ನು ತಾನೇ ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು ಇನ್ನೂ ಮಿಗಿಸಿದಳು. ಆಮೇಲೆ ಆಳುಗಳಿಗೆ ಇನ್ನೊಂದು ಮಾತು ಹೇಳಿದ: ಕಟ್ಟುಗಳಿಂದ ಒಂದಿಷ್ಟು ತೆನೆಯನ್ನು ಬೇಕಂತಲೇ ಕೆಳಗೆ ಬಿಡಿ, ಅವಳು ಆರಿಸಿಕೊಳ್ಳಲಿ. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಸಾಲು ಅದು. ಕೈಚಾಚುವ ನಾಚಿಕೆ ಅವಳಿಗೆ ಬರಬಾರದು ಅಂತ ಯೋಚಿಸಿದವನು ಬೋವಜ. ಮುಂದೆ ಅವಳ ವಂಶದಲ್ಲೇ ದಾವೀದ ಹುಟ್ಟಿದ. ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗ ಈ ಪರದೇಶಿ ಹೆಣ್ಣಿನ ಹೆಸರನ್ನು ಬಿಡಲಿಲ್ಲ.

ನಮ್ಮ ಸಭೆಗಳಲ್ಲಿ ಈ ಅಂಚು ಎಲ್ಲಿದೆ? ಭಾನುವಾರ ಹೇಗೆ ಕಳೆಯುತ್ತದೆ ನೋಡಿ. ಆರಾಧನೆ ಮುಗಿದ ಕೂಡಲೇ ಒಬ್ಬರಿಗೆ ಕಮಿಟಿ ಮೀಟಿಂಗ್, ಇನ್ನೊಬ್ಬರಿಗೆ ಹಾಡಿನ ಅಭ್ಯಾಸ, ಉಳಿದವರಿಗೆ ವಾರವಿಡೀ ಸಿಗದ ಗೆಳೆಯರ ಜೊತೆ ಮಾತು. ಅಂಚಿನವರೆಗೂ ಕೊಯ್ದುಬಿಟ್ಟಿದ್ದೇವೆ. ಹೊಸಬರು ಆರಿಸಿಕೊಳ್ಳಲು ಏನೂ ಉಳಿದಿಲ್ಲ. ಆ ಹೆಂಗಸು ಕೈಯಲ್ಲಿ ಚೀಲ ಹಿಡಿದು ಎರಡು ನಿಮಿಷ ನಿಂತು, ಎಲ್ಲರ ಬೆನ್ನು ನೋಡಿ ಹೊರಟುಹೋಗಿರಬೇಕು.

ಅದಕ್ಕೆ ನಿಮ್ಮ ತಂಡಕ್ಕೆ ನನ್ನ ಮೊದಲ ಸಲಹೆ. ಬಾಗಿಲಲ್ಲಿ ನಿಲ್ಲುವವರನ್ನು ಅರ್ಧ ಮಾಡಿ, ಉಳಿದವರು ಒಳಗೆ ಕೂರಲಿ. ಹೊಸಬರ ಪಕ್ಕದಲ್ಲಿ. ಆರಾಧನೆ ಮುಗಿದ ಮೇಲೆ ಮೊದಲ ಹತ್ತು ನಿಮಿಷ ಗೊತ್ತಿರುವವರ ಹತ್ತಿರ ಹೋಗುವುದಿಲ್ಲ ಅಂತ ತಂಡದವರೆಲ್ಲ ಮಾತಾಡಿಕೊಳ್ಳಿ. ಸಭಾಪಾಲಕರೂ ಹಿರಿಯರೂ ಇದಕ್ಕೆ ಸೇರಿಕೊಂಡರೆ ಇನ್ನೂ ಒಳ್ಳೆಯದು. ಮುಂದಿನ ವಾರ ಅವರ ಹೆಸರು ನೆನಪಿರಲಿ, ಹೋದ ವಾರ ಅವರು ಹೇಳಿದ ಒಂದು ವಿಷಯವೂ ನೆನಪಿರಲಿ. "ಮತ್ತೆ ಬನ್ನಿ" ಅನ್ನುವುದು ಎಲ್ಲರೂ ಹೇಳುವ ಮಾತು. "ಬುಧವಾರ ಸಂಜೆ ಬಿಡುವಿದೆಯಾ, ನಮ್ಮ ಮನೆಗೆ ಬರ್ತೀರಾ?" ಅನ್ನುವುದು ಬೇರೆ ಮಾತು. ಅದಕ್ಕೆ ದಿನ ಇದೆ, ಹೊತ್ತು ಇದೆ, ಬಾಗಿಲು ತೆಗೆಯುವ ಒಬ್ಬರು ಇದ್ದಾರೆ.

ಕೇಳುವ ಪ್ರಶ್ನೆಗಳ ಬಗ್ಗೆಯೂ ಸ್ವಲ್ಪ ಎಚ್ಚರ ಇರಲಿ. ಮದುವೆ ಆಗಿದೆಯಾ, ಮಕ್ಕಳೆಷ್ಟು, ಕೆಲಸ ಏನು ಅಂತ ಸಾಲಾಗಿ ಕೇಳಿದರೆ ಅದು ವಿಚಾರಣೆಯ ಹಾಗೆ ಆಗುತ್ತದೆ. ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲದವರು, ಕೆಲಸ ಹೋದವರು ಆ ಮೂರೇ ಪ್ರಶ್ನೆಗೆ ಕುಸಿದುಹೋಗುತ್ತಾರೆ. ನಿಮ್ಮ ಬಗ್ಗೆ ಏನಾದರೂ ಹೇಳಿ, ಅವರು ಎಷ್ಟು ಹೇಳುತ್ತಾರೋ ಅಷ್ಟು ಕೇಳಿಸಿಕೊಳ್ಳಿ. ಆರಾಧನೆಯ ಮಾತುಗಳೂ ಹೊರಗಿನವರಿಗೆ ಒಗಟು. ಯಾವಾಗ ಎದ್ದು ನಿಲ್ಲಬೇಕು, ಯಾವ ಪುಟ ತೆಗೆಯಬೇಕು ಅಂತ ಪಕ್ಕದವರು ಮೆಲ್ಲಗೆ ತೋರಿಸಿದರೆ ಸಾಕು. ಕೊರಿಂಥದ ಸಭೆಗೆ ಬರೆಯುವಾಗ ಪೌಲನಿಗೂ ಈ ಚಿಂತೆ ಇತ್ತು. ಏನೂ ಗೊತ್ತಿಲ್ಲದ ಒಬ್ಬರು ಒಳಗೆ ಬಂದರೆ ಅವರಿಗೆ ಏನು ಅರ್ಥವಾದೀತು, ನಿಮಗೆ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ ಅಂತ ಕೇಳುತ್ತಾನೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಯಾರು ಪಾಲು ತೆಗೆದುಕೊಳ್ಳಬಹುದು ಅನ್ನುವುದಕ್ಕೆ ಒಂದೊಂದು ಸಭೆಗೆ ಒಂದೊಂದು ಕ್ರಮ ಇದೆ. ಅದನ್ನು ಮೊದಲೇ ಸರಳವಾಗಿ ಹೇಳಿಬಿಡಿ. ಎಲ್ಲರ ಮುಂದೆ ಎದ್ದು ಹೋಗಿ ವಾಪಸ್ ಬರುವ ಅವಮಾನ ಯಾರಿಗೂ ಆಗಬಾರದು.

ಇನ್ನು, ಯೇಸುವಿನಿಂದ ಕಲಿಯಬೇಕಾದ ಒಂದು ವಿಷಯವನ್ನು ಸ್ವಾಗತ ತಂಡಗಳು ಹೆಚ್ಚಾಗಿ ಯೋಚಿಸಿರುವುದಿಲ್ಲ. ಸುವಾರ್ತೆಗಳಲ್ಲಿ ಅವನು ಎಷ್ಟು ಸಲ ಬೇರೆಯವರ ಮನೆಯ ಅತಿಥಿ! ಸುಂಕ ವಸೂಲಿ ಮಾಡುವ ಲೇವಿಯ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಮರದ ಮೇಲಿದ್ದ ಜಕ್ಕಾಯನಿಗೆ, ಇವತ್ತು ನಾನು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅನ್ನುತ್ತಾನೆ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಮಧ್ಯಾಹ್ನದ ಹೊತ್ತು ಬಾವಿಯ ಹತ್ತಿರ ಕೂತು, ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಯೆಹೂದ್ಯನಾದ ನೀನು ನನ್ನ ಹತ್ತಿರ ನೀರು ಕೇಳುವುದೇ ಅಂತ ಅವಳಿಗೆ ಆಶ್ಚರ್ಯ, ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ. ಆಮೇಲೆ ಆ ಊರಿನವರು ಕರೆದಾಗ ಅವರಲ್ಲೇ ಎರಡು ದಿನ ಉಳಿಯುತ್ತಾನೆ. ಕೊಡುವುದಕ್ಕೆ ಅವನ ಹತ್ತಿರ ಬೇಕಾದಷ್ಟಿತ್ತು. ಆದರೂ ಮೊದಲು ಕೇಳಿದ.

ಯಾವಾಗಲೂ ಕೊಡುವವರು ನಾವೇ ಆದರೆ ಹೊಸಬರು ಯಾವಾಗಲೂ ಹೊಸಬರಾಗಿಯೇ ಉಳಿಯುತ್ತಾರೆ. ಅವರಿಂದ ಏನಾದರೂ ತೆಗೆದುಕೊಳ್ಳಿ. ಕುರ್ಚಿ ಜೋಡಿಸುವುದಕ್ಕೆ ಒಂದು ಕೈ ಕೊಡ್ತೀರಾ ಅಂತ ಕೇಳಿ. ಅವರು ಮನೆಗೆ ಕರೆದರೆ ಹೋಗಿ, ಕೊಟ್ಟದ್ದನ್ನು ತಿನ್ನಿ. ಅವರ ಅಭಿಪ್ರಾಯ ಕೇಳಿ. ನಾಲ್ಕನೆಯ ವಾರಕ್ಕೂ ಒಬ್ಬರ ಕೈಗೆ ಒಂದು ಸಣ್ಣ ಕೆಲಸವೂ ಬಂದಿಲ್ಲವಾದರೆ, ಐದನೆಯ ವಾರ ಅವರು ಬರದೇ ಹೋದಾಗ ಏನೂ ನಿಲ್ಲುವುದಿಲ್ಲ. ಅದು ಅವರಿಗೂ ಗೊತ್ತಿರುತ್ತದೆ.

ಲೂಕನ 7ನೆಯ ಅಧ್ಯಾಯದ ಸೀಮೋನನನ್ನೂ ನೆನೆಯಬೇಕು. ಅವನು ಯೇಸುವನ್ನು ಊಟಕ್ಕೆ ಕರೆದವನೇ. ಕರೆದ, ಕೂರಿಸಿದ. ಆದರೆ ಕಾಲಿಗೆ ನೀರು ಕೊಡಲಿಲ್ಲ, ಮುದ್ದಿಡಲಿಲ್ಲ, ತಲೆಗೆ ಎಣ್ಣೆ ಹಚ್ಚಲಿಲ್ಲ. ಊರೆಲ್ಲ ಪಾಪಿ ಅನ್ನುತ್ತಿದ್ದ, ಯಾರೂ ಕರೆಯದೆ ಬಂದ ಒಬ್ಬ ಹೆಂಗಸು ಆ ಮೂರನ್ನೂ ಮಾಡಿದಳು. ಕಣ್ಣೀರಿನಿಂದ ಪಾದ ತೊಳೆದಳು, ಮುದ್ದಿಟ್ಟಳು, ಸುಗಂಧ ತೈಲ ಹಚ್ಚಿದಳು. ಮನೆ ಸೀಮೋನನದು, ಸತ್ಕಾರ ಅವಳದು.

ಈಗ ಹಿಂದಿನ ಸಾಲಿನವರ ವಿಷಯ.

ಯಾಕೋಬನ ಪತ್ರದ 2ನೆಯ ಅಧ್ಯಾಯವನ್ನು ನಿಮ್ಮ ಸಭೆಗೇ ಬರೆದ ಹಾಗಿದೆ. ಚಿನ್ನದ ಉಂಗುರ ಹಾಕಿದವನು ಬಂದರೆ ಒಳ್ಳೆಯ ಜಾಗ ತೋರಿಸುತ್ತೀರಿ, ಕೊಳೆ ಬಟ್ಟೆಯವನು ಬಂದರೆ ಅಲ್ಲಿ ನಿಲ್ಲು ಅನ್ನುತ್ತೀರಿ, ಇಲ್ಲವೇ ನನ್ನ ಕಾಲ ಹತ್ತಿರ ಕೂತುಕೋ ಅನ್ನುತ್ತೀರಿ. ಹೀಗೆ ಮಾಡಿ ಕೆಟ್ಟ ಯೋಚನೆಯ ನ್ಯಾಯಾಧಿಪತಿಗಳಾದಿರಿ ಅಂತ ಯಾಕೋಬ ನೇರವಾಗಿ ಹೇಳುತ್ತಾನೆ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತಮ್ಮ ಮಠಗಳಿಗೆ ಬರೆದ ನಿಯಮಗಳ 53ನೆಯ ಅಧ್ಯಾಯದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡುತ್ತಾರೆ. ಬರುವ ಅತಿಥಿಗಳನ್ನೆಲ್ಲ ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ ಅನ್ನುತ್ತಾರೆ. ಮತ್ತಾಯನ 25ನೆಯ ಅಧ್ಯಾಯದ "ನಾನು ಪರದೇಶಿಯಾಗಿದ್ದೆನು" ಅನ್ನುವ ಮಾತೇ ಅದಕ್ಕೆ ಆಧಾರ. ಆಮೇಲೆ, ಬಡವರನ್ನೂ ಯಾತ್ರಿಕರನ್ನೂ ಇನ್ನೂ ಹೆಚ್ಚು ಕಾಳಜಿಯಿಂದ ನೋಡಿಕೊಳ್ಳಿ ಅನ್ನುತ್ತಾರೆ. ಕಾರಣ? ಶ್ರೀಮಂತರ ಮೇಲಿನ ಅಂಜಿಕೆಯೇ ಅವರಿಗೆ ಮರ್ಯಾದೆ ಕೊಡಿಸುತ್ತದೆ, ಅದಕ್ಕೆ ಬೇರೆ ನಿಯಮ ಬೇಕಿಲ್ಲ.

ಅದೇ ನಿಯಮಗಳ 66ನೆಯ ಅಧ್ಯಾಯದಲ್ಲಿ ಬಾಗಿಲು ಕಾಯುವವನ ಬಗ್ಗೆ ಇದೆ. ಅವನು ವಿವೇಕ ಇರುವ ಹಿರಿಯನಾಗಿರಬೇಕು, ಅವನ ಕೋಣೆ ಬಾಗಿಲ ಪಕ್ಕದಲ್ಲೇ ಇರಬೇಕು. ಯಾರಾದರೂ ಬಾಗಿಲು ತಟ್ಟಿದರೆ, ಬಡವನೊಬ್ಬ ಕೂಗಿದರೆ, ಅವನು ಕೂಡಲೇ "ದೇವರಿಗೆ ಸ್ತೋತ್ರ" ಅನ್ನಬೇಕು. ಬಂದವರು ಯಾರು ಅಂತ ನೋಡುವ ಮೊದಲೇ. ನಿಮ್ಮ ತಂಡದವರಿಗೆ ಇದನ್ನು ಓದಿ ಹೇಳಿ. ಹಿಂದಿನ ಸಾಲಿನ ಆ ವ್ಯಕ್ತಿ ಬಾಗಿಲಲ್ಲಿ ಕಂಡಾಗ ನಮ್ಮ ಮನಸ್ಸಿನಲ್ಲಿ ಮೊದಲು ಬರುವ ಮಾತು ಯಾವುದು ಅಂತ ಎಲ್ಲರೂ ಒಮ್ಮೆ ನೋಡಿಕೊಳ್ಳಲಿ.

ಮಿತಿ ಇಲ್ವಾ ಅಂತ ಕೇಳಿದಿರಿ. ಇದೆ. ಆದರೆ ಮಿತಿ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ನಾವು ತಪ್ಪುತ್ತೇವೆ. ಇರಿಸುಮುರಿಸು ಬೇರೆ, ಅಪಾಯ ಬೇರೆ. ಬಟ್ಟೆಯ ವಾಸನೆ, ತೊದಲು ಮಾತು, ಹಾಡಿನ ಮಧ್ಯೆ ಎದ್ದು ಓಡಾಡುವುದು ಇವೆಲ್ಲ ಇರಿಸುಮುರಿಸು. ಇದನ್ನು ಸಹಿಸಿಕೊಳ್ಳಬೇಕು, ಅದೇ ನಾವು ಬಿಟ್ಟುಕೊಡುವ ಜಾಗ. ಹೆಂಗಸರಿಗೆ ತೊಂದರೆ ಕೊಡುವುದು, ಮಕ್ಕಳ ಹತ್ತಿರ ಸರಿಯಲ್ಲದ ನಡತೆ, ಹೊಡೆದಾಟ, ಬೆದರಿಕೆ ಇವು ಅಪಾಯ. ಇಲ್ಲಿ ಕೃಪೆಯ ಹೆಸರು ಹೇಳಿ ಕಣ್ಣು ಮುಚ್ಚುವುದು ದೊಡ್ಡ ತಪ್ಪು. ಮಕ್ಕಳೂ ಆ ಮನೆಯ ಅತಿಥಿಗಳೇ. ಅವರನ್ನು ಕಾಪಾಡದೆ ಇನ್ನೊಬ್ಬರಿಗೆ ಸ್ವಾಗತ ಹೇಳಲು ಬರುವುದಿಲ್ಲ.

ನಿಮ್ಮ ಪತ್ರದ ಪ್ರಕಾರ ಆ ವ್ಯಕ್ತಿ ಯಾರಿಗೂ ತೊಂದರೆ ಕೊಟ್ಟಿಲ್ಲ. ಹಾಗಾದರೆ ಅವರು ಕೂರಲಿ. ಕುಡಿದು ಬಂದ ದಿನ ಇಬ್ಬರು ಅವರ ಅಕ್ಕಪಕ್ಕ ಕೂರಲಿ, ಒಬ್ಬರೇ ಬೇಡ. ಜೋರಾಗಿ ಮಾತಾಡಿದರೆ, "ಬನ್ನಿ, ಹೊರಗೆ ಹೋಗೋಣ, ನಾನೂ ಬರ್ತೀನಿ" ಅಂದು ಜೊತೆಯಲ್ಲೇ ಹೊರಗೆ ಕೂರಲಿ. ಅಮಲು ಇಳಿದ ದಿನ ನೋಡಿ ಸಭಾಪಾಲಕರು ಅವರ ಮುಂದೆಯೇ ಮಾತಾಡಲಿ: ಇಲ್ಲಿ ನಿಮಗೆ ಜಾಗ ಇದೆ, ಗಲಾಟೆಗೆ ಮಾತ್ರ ಇಲ್ಲ. ಹಿಂದಿನಿಂದ ಗೊಣಗುವುದು ಬೇಡ. ದುಡ್ಡಿನ ಸಹಾಯ ಕೇಳಿದರೆ ಒಬ್ಬೊಬ್ಬರೇ ಕೊಡದೆ ಸಭೆಯ ಮೂಲಕ ಕೊಡಿ. ಕುಡಿತ ಬಿಡಿಸುವ ಚಿಕಿತ್ಸೆ ಬೇಕಾದರೆ ಅದಕ್ಕೆ ತಿಳಿದವರಿದ್ದಾರೆ. ಪ್ರೀತಿ ಇದೆ ಅಂದ ಮಾತ್ರಕ್ಕೆ ಆ ಕೆಲಸ ನಮಗೆ ಬಂದುಬಿಡುವುದಿಲ್ಲ.

ಮೊದಲ ಕ್ರೈಸ್ತರೂ ಈ ತೂಕವನ್ನು ಹುಡುಕುತ್ತಿದ್ದರು. ದಿದಾಖೆ ಅಂತ ತುಂಬ ಹಳೆಯ ಒಂದು ಕೈಪಿಡಿ ಇದೆ. ಕರ್ತನ ಹೆಸರಿನಲ್ಲಿ ಬರುವ ಎಲ್ಲರನ್ನೂ ಸೇರಿಸಿಕೊಳ್ಳಿ, ಆಮೇಲೆ ಪರೀಕ್ಷಿಸಿ ತಿಳಿದುಕೊಳ್ಳಿ ಅನ್ನುತ್ತದೆ ಅದು. ದಾರಿಹೋಕನಾದರೆ ಕೈಲಾದಷ್ಟು ಸಹಾಯ ಮಾಡಿ, ಎರಡು ದಿನ ಇರಲಿ, ಬೇಕಾದರೆ ಮೂರು ದಿನ. ನೆಲೆಸಬೇಕು ಅಂದರೆ ಕೆಲಸ ಮಾಡಿ ಉಣ್ಣಲಿ. ಕಸುಬು ಗೊತ್ತಿಲ್ಲದಿದ್ದರೆ ನೀವೇ ಒಂದು ದಾರಿ ಮಾಡಿ. ಅದಕ್ಕೂ ಒಪ್ಪದಿದ್ದರೆ ಅವನು ಕ್ರಿಸ್ತನ ಹೆಸರಲ್ಲಿ ವ್ಯಾಪಾರ ಮಾಡುವವನು, ಎಚ್ಚರ. ಕ್ರಮ ನೋಡಿ: ಮೊದಲು ಬಾಗಿಲು ತೆಗೆಯುವುದು, ಪರೀಕ್ಷೆ ಆಮೇಲೆ.

ಅವರು ಕ್ರೈಸ್ತರಲ್ಲ ಅಂದಿರಿ. ಈ ಸತ್ಕಾರವನ್ನು ಗಾಳ ಮಾಡಬೇಡಿ. ನಾವು ನಂಬಿದ್ದನ್ನು ಕೇಳಿದವರಿಗೆ ಮುಚ್ಚುಮರೆ ಇಲ್ಲದೆ ಹೇಳೋಣ. ಆದರೆ ಒಬ್ಬರು ನಮ್ಮ ಹಾಗೆ ನಂಬಿದರೂ ನಂಬದಿದ್ದರೂ ಅವರ ಜಾಗ ಕಡಿಮೆಯಾಗಬಾರದು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿ ಮಾಡಿದ. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ, ಆದರೆ ಅವರ ವಾಸಿಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

"ಕೆಲವರಿಗೆ ಇಷ್ಟವಿಲ್ಲ" ಅನ್ನುವುದೇ ನಿಮಗೆ ಜಾಸ್ತಿ ಭಾರವಾಗಿದೆ ಅನ್ನಿಸುತ್ತದೆ. ಅಪೊಸ್ತಲನಾದ ಪೇತ್ರನೇ ಈ ಭಾರಕ್ಕೆ ಬಾಗಿದ. ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದಾಗ ಹೆದರಿ ಹಿಂದೆ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು, ಬಾರ್ನಬನೂ ಸರಿದ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿದ. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಇದಿದೆ. ಒಂದು ಊಟದ ಮೇಜಿನಿಂದ ಎದ್ದು ಹೋದದ್ದನ್ನು ಪೌಲ ಸುವಾರ್ತೆಗೇ ವಿರುದ್ಧವಾದ ನಡತೆ ಅಂದ. ಗೊಣಗುವವರ ಮೇಲೆ ಕೋಪ ಬೇಡ, ಅವರ ಜೊತೆಗೂ ಕೂತು ಮಾತಾಡಿ. ಆದರೆ ಅವರ ಮೆಚ್ಚುಗೆಗಾಗಿ ಇನ್ನೊಬ್ಬರ ಬೆಂಚನ್ನು ಕಸಿಯಬೇಡಿ.

ನಿಮ್ಮ ಕೊನೆಯ ಪ್ರಶ್ನೆ, ಚಿಕ್ಕ ಮನೆ ಮತ್ತು ಕಡಿಮೆ ಮಾತು. ಸುಮಾರು 400ನೆಯ ಇಸವಿಯಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆಗಿದ್ದ ಜಾನ್ ಕ್ರಿಸೊಸ್ಟಮ್ ಒಂದು ಪ್ರಸಂಗದಲ್ಲಿ ಇದನ್ನು ಎತ್ತಿಕೊಂಡರು. ಅಷ್ಟು ಹೊತ್ತಿಗೆ ಸಭೆಗಳು ಪರದೇಶಿಗಳಿಗೆ ವಸತಿಗೃಹ ಕಟ್ಟಿದ್ದವು. ಆಗ ಜನ, ಸಭೆ ನೋಡಿಕೊಳ್ಳುತ್ತದಲ್ಲ, ನಾವೇಕೆ ಅನ್ನತೊಡಗಿದರು. ಬೇರೆಯವರು ಪ್ರಾರ್ಥನೆ ಮಾಡಿದರೆ ನೀವು ಪ್ರಾರ್ಥನೆ ಮಾಡುವುದು ಬೇಡವೇ ಅಂತ ಕ್ರಿಸೊಸ್ಟಮ್ ಕೇಳಿದರು. ನಿಮ್ಮ ಮನೆಯಲ್ಲಿ ಕ್ರಿಸ್ತನಿಗೆ ಅಂತ ಒಂದು ಕೋಣೆ ಇಡಿ ಅಂದರು. ವಸತಿಗೃಹಗಳು ಕೆಟ್ಟವು ಅಂತ ಅಲ್ಲ. ಸುಮಾರು ಮೂವತ್ತು ವರ್ಷ ಮೊದಲು ಕೈಸರೈಯದ ಬಿಷಪ್ ಬೆಸಿಲ್ ಊರ ಹೊರಗೆ ಬಡವರಿಗೆ, ರೋಗಿಗಳಿಗೆ, ದಾರಿಹೋಕರಿಗೆ ಕಟ್ಟಿಸಿದ್ದು ಎಷ್ಟು ದೊಡ್ಡದಿತ್ತೆಂದರೆ ಅವರ ಗೆಳೆಯ ಗ್ರೆಗರಿ ಅದನ್ನು ಹೊಸ ಪಟ್ಟಣ ಅಂದರು. ಕ್ರೈಸ್ತರನ್ನು ಕಂಡರಾಗದ ರೋಮಿನ ಚಕ್ರವರ್ತಿ ಜೂಲಿಯನ್ ಕೂಡ 362ರಲ್ಲಿ ಬರೆದ ಪತ್ರದಲ್ಲಿ, ಇವರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಅಂತ ಒಪ್ಪಿಕೊಂಡ. ಆದರೆ ಕ್ರಿಸೊಸ್ಟಮ್ ಕಂಡ ಅಪಾಯ ಬೇರೆ. ಒಂದು ವ್ಯವಸ್ಥೆ ಬಂದ ಕೂಡಲೇ ಉಳಿದವರ ಕೈ ಖಾಲಿಯಾಗುತ್ತದೆ. ನಿಮ್ಮ ಸ್ವಾಗತ ತಂಡಕ್ಕೂ ಇದೇ ಆಗಿರಬಹುದು. ತಂಡ ಇದೆ, ಹಾಗಾಗಿ ಉಳಿದ ಸಭೆ ಬೆನ್ನು ತಿರುಗಿಸಿ ನಿಲ್ಲುತ್ತದೆ.

ಕೋಣೆ ಚಿಕ್ಕದಿದ್ದರೆ ಏನೂ ತೊಂದರೆಯಿಲ್ಲ. ಶೂನೇಮಿನ ಹೆಂಗಸು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಇಟ್ಟದ್ದು ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ಮನೆ ಗುಡಿಸಿ ಸಿಂಗರಿಸಿ ಆಮೇಲೆ ಕರೆಯೋಣ ಅಂದರೆ ವರ್ಷವಾದರೂ ಕರೆಯುವುದಿಲ್ಲ. ಯೇಸುವನ್ನು ಮನೆಗೆ ಬರಮಾಡಿಕೊಂಡ ಮಾರ್ಥಳು ಮಾಡಿದ ಕೆಲಸ ತಪ್ಪಾಗಿರಲಿಲ್ಲ, ಕೆಲಸದ ಗಡಿಬಿಡಿಯಲ್ಲಿ ಮನೆಗೆ ಬಂದವನೇ ಕಣ್ಣಿಗೆ ಬೀಳದೆ ಹೋದ. ಮಾತು ಕಡಿಮೆ ಇರುವವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು ಅಂತ ನಾನು ನಿಜವಾಗಿ ನಂಬಿದ್ದೇನೆ. ಹೊಸಬರಿಗೆ ಬೇಕಾಗಿರುವುದು ಕೇಳಿಸಿಕೊಳ್ಳುವ ಕಿವಿ. ಆಯಾಸವೂ ಆಗುತ್ತದೆ, ಅದನ್ನು ಮುಚ್ಚಿಡಬೇಡಿ. ಗುಣುಗುಟ್ಟದೆ ಅತಿಥಿಸತ್ಕಾರ ಮಾಡಿ ಅಂತ ಪೇತ್ರನ ಪತ್ರದಲ್ಲಿ ಇದೆ ಅಂದರೆ ಆಗಲೇ ಗುಣುಗುಟ್ಟುವವರಿದ್ದರು ಅಂತಲ್ಲವೇ? ಬೆನೆಡಿಕ್ಟ್ ಅತಿಥಿಗಳ ಅಡುಗೆಮನೆಯನ್ನು ಬೇರೆ ಮಾಡಿ, ಅದಕ್ಕೆ ಇಬ್ಬರನ್ನು ಒಂದು ವರ್ಷಕ್ಕೆ ನೇಮಿಸಿ, ಗೊಣಗದೆ ಮಾಡುವಂತೆ ಬೇಕಾದಾಗ ಸಹಾಯಕ್ಕೂ ಜನ ಕೊಡಿ ಅಂದರು. ತಿಂಗಳಿಗೆ ಒಂದು ಸಂಜೆ, ಒಬ್ಬರು ಅತಿಥಿ. ಅಷ್ಟರ ಮೇಲೆ ಬೇಡ.

ಫ್ರಾನ್ಸಿನ ಬೆಟ್ಟದ ಮೇಲೆ ಲ ಶಾಂಬೊನ್ ಅನ್ನುವ ಊರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಊರು ಮತ್ತು ಸುತ್ತಲಿನ ಹಳ್ಳಿಗಳು ಸಾವಿರಾರು ಜನರನ್ನು ಬಚ್ಚಿಟ್ಟು ಕಾಪಾಡಿದವು. ಅವರಲ್ಲಿ ಬಹಳ ಜನ ಯೆಹೂದ್ಯರು. ಅಲ್ಲಿನ ಸಭಾಪಾಲಕ ಆಂದ್ರೆ ತ್ರೋಕ್ಮೆ, ಅವರ ಹೆಂಡತಿ ಮಾಗ್ದಾ. ಸಿಕ್ಕಿಬಿದ್ದರೆ ಸಾವು ಅಂತ ಗೊತ್ತಿತ್ತು. ಆಂದ್ರೆಯವರ ಸಂಬಂಧಿ ಡೇನಿಯಲ್ ತ್ರೋಕ್ಮೆಯನ್ನು ತಾನು ನೋಡಿಕೊಳ್ಳುತ್ತಿದ್ದ ಹುಡುಗರ ಜೊತೆ ನಾಜಿಗಳು ಹಿಡಿದುಕೊಂಡು ಹೋದರು, ಡೇನಿಯಲ್ 1944ರಲ್ಲಿ ನಾಜಿ ಶಿಬಿರದಲ್ಲಿ ತೀರಿಕೊಂಡರು. ಆ ಊರಿನವರಲ್ಲಿ ಹೆಚ್ಚಿನವರು ಹ್ಯೂಗೆನೊ ವಂಶದ ಪ್ರೊಟೆಸ್ಟೆಂಟರು. ತಮ್ಮ ಹಿರಿಯರು ನಂಬಿಕೆಗಾಗಿ ಅಟ್ಟಿಸಿಕೊಂಡದ್ದು, ಅಡಗಿ ಬದುಕಿದ್ದು ಅವರಿಗೆ ಮರೆತಿರಲಿಲ್ಲ. ನೀವೂ ಪರದೇಶಿಗಳಾಗಿದ್ದಿರಲ್ಲ ಅನ್ನುವ ಮಾತು ಅವರಿಗೆ ಪುಸ್ತಕದ ಮಾತಾಗಿರಲಿಲ್ಲ.

ನಿಮಗೆ ಅಂಥ ಅಪಾಯವೇನೂ ಇಲ್ಲ. ಆ ಹೆಂಗಸನ್ನು ಇನ್ನೊಮ್ಮೆ ಹುಡುಕಿ ಹೋಗಿ. ವಾಪಸ್ ಬನ್ನಿ ಅಂತ ಕೇಳಬೇಡಿ. ನೀವು ಹೇಳಿದ್ದು ನಿಜ, ನನಗೆ ಬೇಸರವಾಯಿತು ಅನ್ನಿ, ಒಂದು ಗಂಟೆ ಜೊತೆಗೆ ಕೂತು ಕೇಳಿಸಿಕೊಳ್ಳಿ. ಇನ್ನು ಹಿಂದಿನ ಸಾಲಿನವರು. ನಿಮ್ಮ ಪತ್ರದಲ್ಲಿ ಅವರ ಬಟ್ಟೆಯ ಬಗ್ಗೆ ಇದೆ, ಕುಡಿತದ ಬಗ್ಗೆ ಇದೆ, ಹೆಸರಿಲ್ಲ. ನನಗೆ ಹೇಳುವುದು ಬೇಡ ಅಂತ ಬಿಟ್ಟಿದ್ದರೆ ಸರಿ. ನಿಮಗೂ ಗೊತ್ತಿಲ್ಲದಿದ್ದರೆ, ಬರುವ ಭಾನುವಾರ ಆ ಸಾಲಿನಲ್ಲೇ ಕೂತು ಕೇಳಿ. ಕೇಳುವ ಮೊದಲು ನಿಮ್ಮ ಹೆಸರು ಹೇಳಿ.